ಕಾಂಗ್ರೆಸ್ ಗಿಡವನ್ನು ಆಗಸ್ಟ್‌ನಲ್ಲಿ ಕಿತ್ತರೆ ತಡವಾಯಿತು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ನಾವು ಕಾಂಗ್ರೆಸ್ ಗಿಡವೆನ್ನುವ ಕಳೆಯ ಶಾಸ್ತ್ರೀಯ ಹೆಸರು ಪಾರ್ಥೇನಿಯಂ. ಪ್ರತಿವರ್ಷ ಆಗಸ್ಟ್ 16ರಿಂದ 22ರವರೆಗೆ ದೇಶದಾದ್ಯಂತ ಪಾರ್ಥೇನಿಯಂ ಜಾಗೃತಿ ಸಪ್ತಾಹ ನಡೆಯುತ್ತದೆ. ಜಬಲ್ಪುರದಲ್ಲಿರುವ ಕಳೆ ಸಂಶೋಧನಾ ನಿರ್ದೇಶನಾಲಯದ ಮುಂದಾಳತ್ವದಲ್ಲಿ ಕೃಷಿ ವಿಶ್ವವಿದ್ಯಾಲಯಗಳು, ಕೃಷಿ ವಿಜ್ಞಾನ ಕೇಂದ್ರಗಳು, ಶಾಲೆಗಳು ಸೇರಿ ಇದನ್ನು ನಡೆಸುತ್ತವೆ. ಉದ್ದೇಶದ ಬಗ್ಗೆ ಯಾರ ತಕರಾರೂ ಇರಲಾರದು. ಆದರೆ ಶಿರಾ ಸೀಮೆಯಲ್ಲಿ ಹಲವು ವರ್ಷ ಮೇಷ್ಟರಾಗಿದ್ದು, ಈಗ ನಾಲ್ಕು ಎಕರೆ ಖುಷ್ಕಿ ಜಮೀನು ನೋಡಿಕೊಂಡಿರುವ ನನ್ನಂಥವನಿಗೆ, ಆ ವಾರ ನಮ್ಮ ಬಯಲುಸೀಮೆಯ ಪಾಲಿಗೆ ಎರಡು ತಿಂಗಳು ತಡವಾಗಿ ಬರುತ್ತಿದೆ ಎಂದು ಖಚಿತವಾಗಿದೆ. ತಡವಾದ ಕೆಲಸ ಬರೀ ವ್ಯರ್ಥವಾಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಅದರಿಂದ ಕಳೆ ಇನ್ನಷ್ಟು ಹಬ್ಬುತ್ತಿದೆ.

ನಾನು ಕಣ್ಣಾರೆ ಕಂಡದ್ದನ್ನೇ ಮೊದಲು ಹೇಳುತ್ತೇನೆ. ಒಂದೆರಡು ವರ್ಷದ ಹಿಂದೆ ನಮ್ಮ ಸಮೀಪದ ಒಂದು ಶಾಲೆಯಲ್ಲಿ ಸಪ್ತಾಹದ ಅಂಗವಾಗಿ ಮಕ್ಕಳಿಂದ ಕಳೆ ಕೀಳಿಸಿದರು. ಸೊಂಟದೆತ್ತರ ಬೆಳೆದು ತುದಿಯೆಲ್ಲ ಬಿಳಿಯಾಗಿದ್ದ ಗಿಡಗಳನ್ನು ಮಕ್ಕಳು ಬರಿಗೈಯಲ್ಲಿ ಕಿತ್ತು, ತೆಕ್ಕೆಯಲ್ಲಿ ಅಪ್ಪಿಕೊಂಡು, ಆಟದ ಬಯಲನ್ನು ಅಡ್ಡಹಾಯ್ದು ಕಾಂಪೌಂಡಿನ ಮೂಲೆಯಲ್ಲಿ ರಾಶಿ ಹಾಕಿದರು. ಫೋಟೊ ತೆಗೆದದ್ದೂ ಆಯಿತು, ಬಿಸ್ಕತ್ತು ಹಂಚಿದ್ದೂ ಆಯಿತು. ಅಕ್ಟೋಬರ್‌ನಲ್ಲಿ ಯಾವುದೋ ಕೆಲಸಕ್ಕೆ ಆ ಶಾಲೆಗೆ ಹೋದಾಗ, ಮಕ್ಕಳು ಗಿಡ ಹೊತ್ತು ನಡೆದಿದ್ದ ದಾರಿಯುದ್ದಕ್ಕೂ, ಸುಮಾರು ಒಂದು ಮಾರು ಅಗಲಕ್ಕೆ, ಒಟ್ಟಲು ಹಾಕಿದ ಪೈರಿನಂತೆ ಹೊಸ ಸಸಿಗಳು ಒತ್ತಾಗಿ ಎದ್ದಿದ್ದವು. ಅದಕ್ಕೆ ಮೊದಲು ಆ ಬಯಲಿನ ನಡುವೆ ಈ ಗಿಡ ಇರಲಿಲ್ಲ. ಇದ್ದದ್ದು ಬೇಲಿಯಂಚಿನಲ್ಲಿ ಮಾತ್ರ.

ಇದು ಏಕೆ ಹೀಗಾಯಿತೆಂದು ತಿಳಿಯಬೇಕಾದರೆ ಆ ಬಿಳಿ ಹೂವನ್ನು ಅಂಗೈಯಲ್ಲಿಟ್ಟು ನೋಡಬೇಕು, ಕೈಗವಸು ಹಾಕಿಕೊಂಡೇ ನೋಡುವುದು ಮೇಲು. ಸಾಸಿವೆಗಿಂತ ತುಸು ದೊಡ್ಡದಾದ, ಐದು ಮೂಲೆಯ ಆ ಬಿಳಿ ಗುಂಡಿ ಒಂದು ಹೂವಲ್ಲ. ಸೂರ್ಯಕಾಂತಿಯ ತಟ್ಟೆಯಲ್ಲಿರುವಂತೆ ಅನೇಕ ಕಿರುಹೂಗಳು ಒತ್ತಿಕೊಂಡು ಕೂತಿರುವ ಪುಟ್ಟ ಗೊಂಡೆ. ನಡುವಿನ ಕಿರುಹೂಗಳು ಪರಾಗ ಉದುರಿಸಿ ಮುಗಿಯುತ್ತವೆ. ಅಂಚಿನ ಐದು ಮೂಲೆಗಳಲ್ಲಿರುವ ಐದು ಕಿರುಹೂಗಳು ಮಾತ್ರ ಒಂದೊಂದು ಕಪ್ಪು ಬೀಜ ಕಟ್ಟುತ್ತವೆ. ಐದೇ ಬೀಜವಲ್ಲವೇ ಎನ್ನುವಂತಿಲ್ಲ, ಏಕೆಂದರೆ ಚೆನ್ನಾಗಿ ಕವಲೊಡೆದ ಒಂದು ಗಿಡದಲ್ಲಿ ಇಂಥ ಗೊಂಡೆಗಳು ಸಾವಿರಗಟ್ಟಲೆ ಇದ್ದು, ಒಂದೇ ಗಿಡ 15,000ದಿಂದ 25,000 ಬೀಜ ಕೊಡಬಲ್ಲದು. ಪ್ರತಿ ಬೀಜದ ಎರಡು ಮಗ್ಗುಲಲ್ಲಿ ಒಣಗಿದ ಎರಡು ಕಿರುಹೂಗಳು ಗಾಳಿ ತುಂಬಿದ ಚೀಲಗಳಂತೆ ಅಂಟಿಕೊಂಡಿರುವುದರಿಂದ ಅದು ಮಳೆನೀರಿನಲ್ಲಿ ತೇಲುತ್ತದೆ, ಕೆಸರಿನ ಚಕ್ರಕ್ಕೆ ಮೆತ್ತಿಕೊಳ್ಳುತ್ತದೆ, ಎತ್ತಿನ ಗೊರಸಿನೊಡನೆ ಊರೂರು ಸುತ್ತುತ್ತದೆ. ಹೂ ಒಣಗಿದ ಗಿಡವನ್ನು ಅಲುಗಾಡಿಸಿದರೆ ಸಾಕು, ಬೀಜ ಕಳಚುತ್ತದೆ. ಹೀಗಾಗಿ ಆಗಸ್ಟ್‌ನಲ್ಲಿ ಆ ಮಕ್ಕಳು ಮಾಡಿದ್ದು ಅರ್ಧ ಕಳೆ ಕೀಳುವ ಕೆಲಸವಾದರೆ ಇನ್ನರ್ಧ ಬಿತ್ತನೆ.

ಇನ್ನು ಕಾಲದ ಲೆಕ್ಕ. ಈ ಗಿಡಕ್ಕೆ ಋತುವಿನ ಕಟ್ಟಳೆ ಅಷ್ಟಾಗಿ ಇಲ್ಲ. ನೆಲ ನೆಂದರೆ ಮೊಳೆಯುತ್ತದೆ. ನಮ್ಮ ಕಡೆ ಭರಣಿ, ಕೃತ್ತಿಕೆ ಮಳೆಗಳು, ಅಂದರೆ ಏಪ್ರಿಲ್ ಕೊನೆಯಿಂದ ಮೇ ತಿಂಗಳೊಳಗೆ ಬೀಳುವ ಮುಂಗಾರುಪೂರ್ವ ಮಳೆಗಳು, ಒಂದು ಹದ ಕೊಟ್ಟರೆ ವರ್ಷದ ಮೊದಲ ಪೀಳಿಗೆ ಎದ್ದಿತೆಂದೇ ತಿಳಿಯಬೇಕು. ಮೊದಲ ನಾಲ್ಕಾರು ವಾರ ಅದು ಮೇಲಕ್ಕೆ ಬೆಳೆಯುವುದಿಲ್ಲ. ಗಜ್ಜರಿ ಸೊಪ್ಪಿನಂಥ ಎಲೆಗಳನ್ನು ನೆಲಕ್ಕೆ ಚಪ್ಪಟೆಯಾಗಿ ಹರಡಿಕೊಂಡು, ತನ್ನಡಿಯ ಜಾಗದಲ್ಲಿ ಇನ್ನೊಂದು ಸಸಿ ಬಿಸಿಲು ಕಾಣದಂತೆ ಮಾಡಿಕೊಳ್ಳುತ್ತದೆ. ನೋಡುವವರಿಗೆ ಆಗ ಅದು ಕಳೆ ಎಂದೇ ಅನ್ನಿಸುವುದಿಲ್ಲ. ಆಮೇಲೆ ಒಮ್ಮೆಗೇ ದಂಟು ಎತ್ತಿ, ಮೊಳೆತ ನಾಲ್ಕರಿಂದ ಎಂಟು ವಾರದೊಳಗೆ ಹೂ ಬಿಡಲು ಆರಂಭಿಸುತ್ತದೆ. ಹೂ ಬಿಡುತ್ತಲೇ ಬೆಳೆಯುತ್ತದೆ, ಬೆಳೆಯುತ್ತಲೇ ಬೀಜ ಉದುರಿಸುತ್ತದೆ. ಮೇ ತಿಂಗಳಲ್ಲಿ ಎದ್ದ ಗಿಡ ಆಗಸ್ಟ್ ಮಧ್ಯದ ಹೊತ್ತಿಗೆ ಏನಾಗಿರುತ್ತದೆಂದು ಇದರಿಂದಲೇ ಲೆಕ್ಕ ಹಾಕಬಹುದು. ಜೂನ್ ಕೊನೆಗೆ ಮಳೆ ಹಿಡಿಯುವ ಮಧ್ಯಭಾರತಕ್ಕೆ ಆ ವಾರ ಹೊಂದಿಕೆಯಾಗುತ್ತಿರಬಹುದು. ನಮ್ಮಲ್ಲಿ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನದ್ದು. ಆಗಸ್ಟ್‌ನಲ್ಲಿ ಗಿಡ ಕಿತ್ತು, ಬೀಜ ಉದುರಿಸಿ, ನೆಲ ಬರಿದು ಮಾಡಿ, ಅದರ ಮೇಲೆ ಹಸ್ತ, ಚಿತ್ತೆ ಮಳೆಗಳನ್ನು ಬರಮಾಡಿಕೊಂಡರೆ ಎರಡನೆಯ ಪೀಳಿಗೆಗೆ ಅದಕ್ಕಿಂತ ಹದವಾದ ಹೊಲ ಬೇರೆ ಬೇಕಿಲ್ಲ.

ಎರಡನೆಯ ತೊಡಕು ಹೆಸರಿನದು. ಕಾಂಗ್ರೆಸ್ ಹುಲ್ಲು ಎಂದು ನಾವು ಕರೆಯುತ್ತೇವೆ. ಬಿಳಿ ಹೂ ಗಾಂಧಿ ಟೋಪಿಯಂತೆ ಕಾಣುವುದರಿಂದ ಆ ಹೆಸರು ಬಂತೆಂದು ಕೆಲವರು, ಅಮೆರಿಕದ ಕಾಂಗ್ರೆಸ್ ಕಳಿಸಿದ ಗೋಧಿಯೊಡನೆ ಬಂದದ್ದರಿಂದ ಆ ಹೆಸರೆಂದು ಇನ್ನು ಕೆಲವರು ಹೇಳುತ್ತಾರೆ. ಗೋಧಿಯ ಕಥೆಯನ್ನು ನಾನೂ ತರಗತಿಯಲ್ಲಿ ಹೇಳಿದವನೇ. ಆದರೆ ಅಮೆರಿಕದಿಂದ ಗೋಧಿ ತರಿಸಿಕೊಳ್ಳುವ ಪಿಎಲ್-480 ಒಪ್ಪಂದಕ್ಕೆ ಭಾರತ ಸಹಿ ಹಾಕಿದ್ದು 1956ರ ಆಗಸ್ಟ್‌ನಲ್ಲಿ, ಪುಣೆಯಲ್ಲಿ ಈ ಗಿಡವನ್ನು ಗುರುತಿಸಿದ್ದು 1955ರಲ್ಲಿ. ಕಲ್ಕತ್ತೆಯ ಸಸ್ಯೋದ್ಯಾನದ 1814ರ ಸಸ್ಯಪಟ್ಟಿಯಲ್ಲೇ ಇದರ ಹೆಸರು ಇದೆ. ಅಮೆರಿಕದ ಗೋಧಿ ಆ ಒಪ್ಪಂದಕ್ಕೆ ಮೊದಲೂ ಬರುತ್ತಿತ್ತಾದ್ದರಿಂದ ಗೋಧಿಯನ್ನು ಪೂರ್ತಿ ನಿರ್ದೋಷಿ ಎನ್ನುವಂತಿಲ್ಲವಾದರೂ, ಮೂಟೆಯಿಂದ ಬಿದ್ದ ಬೀಜದಿಂದಲೇ ಎಲ್ಲ ಆಯಿತೆಂಬ ಮಾತು ಕಥೆ ಹೇಳಲು ಚೆಂದ, ದಾಖಲೆಗೆ ಅಷ್ಟು ಒಗ್ಗುವುದಿಲ್ಲ. ಮೂಲತಃ ಇದು ಮೆಕ್ಸಿಕೊ ಕೊಲ್ಲಿಯ ಸುತ್ತಲ ಉಷ್ಣವಲಯದ ಗಿಡ ಎಂಬುದರಲ್ಲಿ ಅನುಮಾನವಿಲ್ಲ.

ಹೆಸರಿನಲ್ಲಿ ನಿಜವಾಗಿ ದಾರಿ ತಪ್ಪಿಸುವ ಪದ ಕಾಂಗ್ರೆಸ್ ಅಲ್ಲ, ಹುಲ್ಲು. ಪಾರ್ಥೇನಿಯಂ ಹಿಸ್ಟರೊಫೋರಸ್ ಎಂಬ ಈ ಸಸ್ಯ ಗರಿಕೆ, ರಾಗಿ, ಜೋಳ, ಕಬ್ಬುಗಳ ವಂಶಕ್ಕೆ ಸೇರಿದ್ದಲ್ಲ; ಸೂರ್ಯಕಾಂತಿ, ಸೇವಂತಿಗೆ, ಚೆಂಡುಹೂ, ಹುಚ್ಚೆಳ್ಳುಗಳ ದಾಯಾದಿ. ಇದು ಪುಸ್ತಕದ ಸೂಕ್ಷ್ಮವೆಂದು ತಳ್ಳಿಹಾಕುವ ಮುನ್ನ ನಮ್ಮ ರಸ್ತೆಬದಿ, ಸ್ಮಶಾನ, ಖಾಲಿ ನಿವೇಶನಗಳಲ್ಲಿ ನಡೆಯುವುದನ್ನು ಗಮನಿಸಬೇಕು. ಹುಲ್ಲು ಎಂದಮೇಲೆ ಹುಲ್ಲು ಸುಡುವ ಔಷಧಿಯೇ ಬೇಕೆಂದು ಗ್ಲೈಫೋಸೇಟ್ ಹೊಡೆಸುತ್ತಾರೆ. ಅದು ಹಸಿರಾದದ್ದನ್ನೆಲ್ಲ ಕೊಲ್ಲುತ್ತದೆ. ಪಾರ್ಥೇನಿಯಂ ಜೊತೆಗೆ ಗರಿಕೆಯೂ ಹೋಗುತ್ತದೆ. ಮಣ್ಣಿನೊಳಗಿನ ಬೀಜಕ್ಕೆ ಮಾತ್ರ ಏನೂ ಆಗುವುದಿಲ್ಲ, ಅದು ಹಲವು ವರ್ಷ ಜೀವ ಹಿಡಿದುಕೊಂಡಿರಬಲ್ಲದು. ಮುಂದಿನ ಮಳೆಗೆ ಪೈಪೋಟಿಯೇ ಇಲ್ಲದ ಬೋಳು ನೆಲದಲ್ಲಿ ಮೊದಲು ಏಳುವವರು ಯಾರೆಂದು ಹೇಳಬೇಕಾಗಿಲ್ಲ. ಅಗಲ ಎಲೆಯ ಕಳೆಗಳನ್ನು ಮಾತ್ರ ಕೊಂದು ಹುಲ್ಲನ್ನು ಉಳಿಸುವ 2,4-ಡಿ ಮತ್ತು ಮೆಟ್ರಿಬುಜಿನ್‌ನಂಥ ಕಳೆನಾಶಕಗಳಿವೆ. ಅವನ್ನೂ ಕಂಡಕಂಡಲ್ಲಿ ಹೊಡೆಯಿರಿ ಎಂದು ನಾನು ಹೇಳುತ್ತಿಲ್ಲ, ಏಕೆಂದರೆ 2,4-ಡಿ ಗಾಳಿಗೆ ಹಾರಿ ಪಕ್ಕದವರ ಹತ್ತಿ, ದ್ರಾಕ್ಷಿ, ತರಕಾರಿಗೆ ಬಿದ್ದರೆ ಆ ಬೆಳೆ ಕೈಗೆ ಸಿಕ್ಕುವುದಿಲ್ಲ. ಯಾವ ಔಷಧಿಯನ್ನೂ ಬಳಸುವ ಮೊದಲು, ಇದು ಹುಲ್ಲಲ್ಲ ಮತ್ತು ನಿಜವಾದ ಹುಲ್ಲು ಇದರ ಎದುರಾಳಿ ಎಂಬಷ್ಟು ತಿಳಿವಳಿಕೆ ಇರಬೇಕು ಎಂಬುದಷ್ಟೇ ನನ್ನ ಮಾತು.

ಇದಕ್ಕೆ ನಮ್ಮೂರ ಗೋಮಾಳವೇ ಸಾಕ್ಷಿ. ನಾನು ಹುಡುಗನಾಗಿದ್ದಾಗ ಅಲ್ಲಿ ಕರಡ, ಗರಿಕೆ ಮೊಣಕಾಲುಮಟ್ಟ ಇರುತ್ತಿತ್ತು. ದೀಪಾವಳಿ ಕಳೆದ ಮೇಲೆ ಕೊಯ್ದು ಮೆದೆ ಹಾಕುತ್ತಿದ್ದರು. ಗೋಮಾಳದ ಅರ್ಧ ನಿವೇಶನಕ್ಕೂ ರಸ್ತೆಗೂ ಹೋಗಿ, ಉಳಿದರ್ಧದಲ್ಲಿ ಊರಿನ ದನಕುರಿಗಳೆಲ್ಲ ಮೇಯಲಾರಂಭಿಸಿದ ಮೇಲೆ ಹುಲ್ಲು ಬೇರುಮಟ್ಟಕ್ಕೆ ಸವೆಯಿತು. ದನ ಹುಲ್ಲನ್ನು ಹುಡುಕಿ ತಿನ್ನುತ್ತದೆ, ಪಾರ್ಥೇನಿಯಂ ಅನ್ನು ಮೂಸಿ ಬಿಡುತ್ತದೆ. ಹೀಗೆ ಮೇಯುವ ಪ್ರತಿ ಹಸುವೂ ತನಗರಿವಿಲ್ಲದೆ ಆ ಗಿಡದ ಪರವಾಗಿ ಕಳೆ ತೆಗೆದಂತಾಗುತ್ತದೆ. ಒಮ್ಮೆ ನೆಲೆಯೂರಿದ ಮೇಲೆ ಗಿಡ ತಾನೇ ಕಾವಲಿಗೆ ನಿಲ್ಲುತ್ತದೆ: ಅದರ ಬೇರಿನಿಂದಲೂ ಉದುರಿದ ಎಲೆಯಿಂದಲೂ ಪಾರ್ಥೆನಿನ್ ಎಂಬ ವಿಷವಸ್ತುವೂ ಫಿನಾಲಿಕ್ ಆಮ್ಲಗಳೂ ಮಣ್ಣಿಗಿಳಿದು ಇತರ ಬೀಜಗಳ ಮೊಳಕೆಯನ್ನೂ ಬೆಳವಣಿಗೆಯನ್ನೂ ತಡೆಯುತ್ತವೆ. ಬೆಂಗಳೂರು ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿಗಳು 1970ರ ದಶಕದ ಕೊನೆಯ ಹೊತ್ತಿಗೇ ಇದನ್ನು ವಿವರವಾಗಿ ದಾಖಲಿಸಿದ್ದರು. ಅವರು ಕಂಡುಕೊಂಡ ಇನ್ನೊಂದು ಸಂಗತಿ ನಮ್ಮ ತರಕಾರಿ ಬೆಳೆಗಾರರಿಗೆ ಈಗಲೂ ಅಷ್ಟಾಗಿ ತಿಳಿದಿಲ್ಲ. ಬದುವಿನ ಮೇಲಿನ ಪಾರ್ಥೇನಿಯಂನ ಪರಾಗ ಗಾಳಿಯಲ್ಲಿ ಬಂದು ಟೊಮೆಟೊ, ಬದನೆ, ಮೆಣಸಿನಕಾಯಿ, ಹುರುಳಿಕಾಯಿ ಹೂಗಳ ಶಲಾಕಾಗ್ರದ ಮೇಲೆ, ಅಂದರೆ ಪರಾಗ ಹಿಡಿಯುವ ತುದಿಯ ಮೇಲೆ, ಕುಳಿತರೆ ಕಾಯಿ ಕಚ್ಚುವುದು ಕಡಿಮೆಯಾಗುತ್ತದೆ. ಹೊಲದೊಳಗೆ ಒಂದು ಕಳೆಯೂ ಇಲ್ಲದಂತೆ ನೋಡಿಕೊಂಡವರು ಬದುವನ್ನು ಕಡೆಗಣಿಸಿದರೆ ಇಳುವರಿಯಲ್ಲಿ ಅದರ ದಂಡ ತೆರಬೇಕಾದೀತು.

ಜಾನುವಾರು ಅದನ್ನು ತಿನ್ನುವುದೇ ಇಲ್ಲವೆಂದು ನಂಬಿ ಕೂರುವಂತೆಯೂ ಇಲ್ಲ. ಬರಗಾಲದಲ್ಲಿ ಹಸಿದ ಕುರಿ ಮೇಕೆಗಳು ಬಾಯಿ ಹಾಕುತ್ತವೆ. ಕೊಯ್ದ ಮೇವಿನಲ್ಲಿ ಬೆರೆತು ಬಂದರೆ ಹಸು ಎಮ್ಮೆಗಳ ಹೊಟ್ಟೆಗೂ ಹೋಗುತ್ತದೆ, ಹಾಲು ಕಹಿಯಾಗುತ್ತದೆ. ಮೇವಿನಲ್ಲಿ ಇದರ ಪಾಲು ಹೆಚ್ಚಿದರೆ ದನ ಸಾಯುವುದೂ ಉಂಟೆಂದು ಪ್ರಯೋಗಗಳಿಂದ ಗೊತ್ತಾಗಿದೆ.

ಮನುಷ್ಯರ ವಿಷಯದಲ್ಲಿ ನನ್ನ ಅಣ್ಣನ ಮೈ ಸಾಕ್ಷಿಯಾಗಿದೆ. ಜೀವಮಾನವಿಡೀ ಹೊಲದಲ್ಲಿ ದುಡಿದ ಅವನಿಗೆ ಐವತ್ತು ದಾಟಿದ ಮೇಲೆ ಕಣ್ಣಿನ ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ತುರಿಕೆ ಶುರುವಾಯಿತು. ಮೊದಮೊದಲು ಮಳೆಗಾಲದಲ್ಲಿ ಬಂದು ಹೋಗುತ್ತಿದ್ದುದು ನಂತರ ವರ್ಷಪೂರ್ತಿ ಉಳಿಯಿತು. ಕುತ್ತಿಗೆಯ ಚರ್ಮ ದಪ್ಪಗಟ್ಟಿ, ಹಳೆಯ ಮಿಣಿಯಂತೆ ಗೆರೆಗೆರೆಯಾಯಿತು. ಗಿಡದ ಎಲೆ ದಂಟುಗಳ ಮೇಲಿನ ಸೂಕ್ಷ್ಮ ರೋಮಗಳಲ್ಲಿ ಅದೇ ಪಾರ್ಥೆನಿನ್ ಇರುತ್ತದೆಂದೂ, ಒಣಗಿದ ಗಿಡದ ಪುಡಿ ಗಾಳಿಯಲ್ಲಿ ತೇಲಿಬಂದರೂ ಸಾಕೆಂದೂ, ಒಮ್ಮೆ ಮೈ ಒಗ್ಗದೆ ಹೋಯಿತೆಂದರೆ ಮತ್ತೆ ಒಗ್ಗುವುದು ಕಷ್ಟವೆಂದೂ ಚರ್ಮವೈದ್ಯರು ತಿಳಿಸಿದರು. ಅತ್ತಿಗೆ ಅವನ ಬಟ್ಟೆಯನ್ನು ಇಂದಿಗೂ ಬಯಲಿನಲ್ಲಿ ಒಣಹಾಕುವುದಿಲ್ಲ. ಬರಿಗೈಯ ಮಕ್ಕಳಿಂದ ಈ ಗಿಡ ಕೀಳಿಸುವುದನ್ನು ನೋಡಿದಾಗ ನನಗೆ ಸಿಟ್ಟು ಬರುವುದು ಈ ಕಾರಣಕ್ಕೆ.

ಸರ್ಕಾರ ಏನೂ ಮಾಡಿಲ್ಲವೆಂದು ಹೇಳುವುದು ಅನ್ಯಾಯವಾದೀತು. ಇದು ಮೈಸೂರು ರಾಜ್ಯದಲ್ಲಿ ಹಬ್ಬಿದ ಬಗ್ಗೆ ವಿಜ್ಞಾನ ಪತ್ರಿಕೆಗಳಲ್ಲಿ 1971ರಲ್ಲೇ ಬರವಣಿಗೆ ಬಂದಿತ್ತು. ಕರ್ನಾಟಕ 1968ರ ಕೃಷಿ ಪೀಡೆ ಮತ್ತು ರೋಗಗಳ ಕಾಯ್ದೆಯ ಅಡಿಯಲ್ಲಿ 1975ರಲ್ಲಿ ಇದನ್ನು ಪೀಡೆಯ ಕಳೆಯೆಂದು ಘೋಷಿಸಿತು. ನಂತರ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಮೆಕ್ಸಿಕೊದಿಂದ ಜೈಗೊಗ್ರಾಮಾ ಎಂಬ ದುಂಬಿಯನ್ನು 1983ರಲ್ಲಿ ತರಿಸಿ, ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನ ಸುತ್ತ ಬಿಟ್ಟರು. ಕೆನೆಬಣ್ಣದ ಬೆನ್ನ ಮೇಲೆ ಕಡುಕಂದು ಗೀರುಗಳಿರುವ, ತೊಗರಿಕಾಳಿನಷ್ಟಿರುವ ಈ ದುಂಬಿಯೂ ಅದರ ಮರಿಹುಳುಗಳೂ ಗಿಡವನ್ನು ದಂಟಷ್ಟೇ ಉಳಿಯುವಂತೆ ತಿಂದುಹಾಕುವುದನ್ನು ಈಗ ರಾಜ್ಯದ ಅನೇಕ ಕಡೆ ನೋಡಬಹುದು. 1990ರ ದಶಕದ ಆರಂಭದಲ್ಲಿ ಇದೇ ದುಂಬಿ ಸೂರ್ಯಕಾಂತಿ ಬೆಳೆಯನ್ನೂ ತಿನ್ನುತ್ತದೆಂದು ದೊಡ್ಡ ಗುಲ್ಲೆದ್ದು, ದುಂಬಿ ಬಿಡುವುದನ್ನೇ ನಿಲ್ಲಿಸಿ, ವಿಚಾರಣೆಗೆ ಸಮಿತಿಯನ್ನೂ ನೇಮಿಸಲಾಗಿತ್ತು. ಪಕ್ಕದ ಪಾರ್ಥೇನಿಯಂನ ಪರಾಗ ಸೂರ್ಯಕಾಂತಿ ಎಲೆಯ ಮೇಲೆ ಬಿದ್ದಲ್ಲಿ ದುಂಬಿ ಬಾಯಿಡುತ್ತದೆ, ಸೂರ್ಯಕಾಂತಿಯನ್ನೇ ನಂಬಿ ಸಂತಾನ ಬೆಳೆಸಲಾರದು ಎಂದು ಬಳಿಕ ಗೊತ್ತಾಯಿತು. ಅಣ್ಣನ ಹೊಲದ ಪಕ್ಕದವರು ಮಾತ್ರ ಇಂದಿಗೂ ಆ ದುಂಬಿ ಕಂಡರೆ ಹೊಸಕಿಹಾಕುತ್ತಾರೆ.

ದುಂಬಿಗೂ ಒಂದು ಮಿತಿಯಿದೆ, ಅದೂ ಕಾಲದ್ದೇ. ಬೇಸಗೆಯಲ್ಲಿ ಅದು ಮಣ್ಣಿನೊಳಗೆ ಅಡಗಿ ಮಲಗಿದ್ದು ಮಳೆ ಹಿಡಿದ ಮೇಲೆ ಹೊರಬರುತ್ತದೆ. ಅದರ ಸಂಖ್ಯೆ ಬೆಳೆದು ಹಾವಳಿ ಮಾಡುವಷ್ಟಾಗುವುದು ಮಳೆಗಾಲದ ನಡುವಿನಲ್ಲಿ. ಅಷ್ಟರಲ್ಲಿ ಮೇ ತಿಂಗಳ ಪೀಳಿಗೆ ಬೀಜ ಉದುರಿಸಿರುತ್ತದೆ. ಅಂದಮೇಲೆ ದುಂಬಿಯ ಕೈಗೆ ಸಿಗದ ಮೊದಲ ಪೀಳಿಗೆಯನ್ನು ನಾವು ತೆಗೆಯಬೇಕು, ಮಳೆಗಾಲದ ನಡುವಿನ ಪೀಳಿಗೆಯನ್ನು ದುಂಬಿಗೆ ಬಿಡಬೇಕು. ಈಗ ನಡೆಯುತ್ತಿರುವುದು ತದ್ವಿರುದ್ಧ: ಮೇ, ಜೂನ್‌ನಲ್ಲಿ ಸುಮ್ಮನಿದ್ದು, ಮರಿಹುಳುಗಳು ಮೈತುಂಬ ಹತ್ತಿರುವ ಗಿಡಗಳನ್ನು ಆಗಸ್ಟ್‌ನಲ್ಲಿ ಕಿತ್ತು ರಾಶಿ ಹಾಕಿ ಬೆಂಕಿ ಇಡುತ್ತೇವೆ.

ಹಾಗಾದರೆ ಯಾವಾಗ, ಹೇಗೆ ಎಂಬುದಕ್ಕೆ ನನ್ನ ನಾಲ್ಕು ಎಕರೆಯ ಅನುಭವವನ್ನಷ್ಟೇ ಹೇಳಬಲ್ಲೆ. ಮೊದಲ ಹದ ಮಳೆಯಾದ ಮೂರು ವಾರಕ್ಕೆ, ಗಿಡ ಇನ್ನೂ ನೆಲಕ್ಕಂಟಿದ ಚಕ್ರದಂತಿರುವಾಗ, ಮಣ್ಣು ಹಸಿಯಿರುವ ದಿನ ನೋಡಿ ಕುರ್ಚಿಗಿಯಿಂದ ಬುಡ ಸಡಿಲಿಸಿ ಎಳೆದರೆ ತಾಯಿಬೇರು ಸಮೇತ ಬರುತ್ತದೆ. ಒಣನೆಲದಲ್ಲಿ ಎಳೆದರೆ ಬುಡದ ಬಳಿ ಮುರಿದು, ಉಳಿದ ಮೋಟಿನಿಂದ ಒಂದರ ಬದಲು ನಾಲ್ಕು ಕವಲೊಡೆಯುತ್ತವೆ. ರಸ್ತೆಬದಿಯಲ್ಲಿ ಯಂತ್ರದಿಂದ ಸವರಿಸುವವರು ಮಾಡುತ್ತಿರುವುದು ಇದನ್ನೇ. ಹೂ ಬಿಡದ ಗಿಡ ಒಳ್ಳೆಯ ಗೊಬ್ಬರವಾಗುತ್ತದೆ, ಗುಂಡಿಯಲ್ಲಿ ಸಗಣಿ ಬಗ್ಗಡ ಬೆರೆಸಿ ಮುಚ್ಚಿದರಾಯಿತು. ಹೂ ಬಿಟ್ಟದ್ದನ್ನು ತಿಪ್ಪೆಗೆ ಎಸೆದವರು ಮುಂದಿನ ವರ್ಷ ಅದನ್ನು ಗಾಡಿಯಲ್ಲಿ ಹೊತ್ತು ತಾವೇ ಹೊಲಕ್ಕೆ ಹರಡುತ್ತಾರೆ. ಜೂನ್ ಕೊನೆಗೆ ಇನ್ನೊಂದು ಸುತ್ತು ಬೇಕೇ ಬೇಕು, ಏಕೆಂದರೆ ಎಲ್ಲ ಬೀಜವೂ ಒಟ್ಟಿಗೆ ಮೊಳೆಯುವುದಿಲ್ಲ.

ಕಿತ್ತ ಜಾಗವನ್ನು ಖಾಲಿ ಬಿಡದಿರುವುದು ಕೀಳುವುದಕ್ಕಿಂತ ಮುಖ್ಯ. ಬದುವಿನಲ್ಲಿ ನಾನು ಗರಿಕೆ ನಾಟಿ ಹಾಕಿ, ಎರಡು ಮಳೆಗಾಲ ದನ ಬಿಡದೆ ಕಾದೆ. ಈಗ ಅಲ್ಲಿ ಪಾರ್ಥೇನಿಯಂ ಹುಡುಕಿದರೆ ಬೆರಳೆಣಿಕೆಯಷ್ಟು ಸಿಗುತ್ತದೆ. ಬೇಲಿಯಂಚಿಗೆ ತಂಗಡಿ ಬೀಜ ಎರಚಿದ್ದೇನೆ. ಧಾರವಾಡದ ಕಡೆ ಕ್ಯಾಸಿಯಾ ಯೂನಿಫ್ಲೋರಾ ಎಂಬ ತಗಚೆ ಜಾತಿಯ ಗಿಡ ಒತ್ತಾಗಿ ಬೆಳೆದು ಪಾರ್ಥೇನಿಯಂ ಅನ್ನು ಹಿಮ್ಮೆಟ್ಟಿಸಿದ್ದನ್ನು ಅಧ್ಯಯನ ಮಾಡಿ ಬರೆದಿದ್ದಾರೆ. ಅದೂ ಅಮೆರಿಕ ಖಂಡದಿಂದ ಬಂದದ್ದೇ ಆದ್ದರಿಂದ, ನೆಂಟನನ್ನು ಓಡಿಸಲು ಇನ್ನೊಬ್ಬ ನೆಂಟನನ್ನು ಕರೆಯುವ ಬದಲು ನಮ್ಮದೇ ತಂಗಡಿ, ಗರಿಕೆಗಳನ್ನು ಮೊದಲು ನೋಡೋಣ ಎಂಬುದು ನನ್ನ ಹಟ.

ಪಂಚಾಯಿತಿಗಳಿಂದ ನಾನು ಕೇಳುವುದು ಹೆಚ್ಚೇನಿಲ್ಲ. ಉದ್ಯೋಗ ಖಾತ್ರಿಯಲ್ಲಿ ಕೆರೆ ಗೋಡು ಎತ್ತುವಾಗ, ರಸ್ತೆಗೆ ಟಿಪ್ಪರ್‌ಗಳಲ್ಲಿ ಮಣ್ಣು ತರಿಸುವಾಗ, ಆ ಮಣ್ಣು ಎಲ್ಲಿಯದೆಂದು ಒಮ್ಮೆ ನೋಡಬೇಕು. ನಮ್ಮೂರಿನ ಹೊಸ ರಸ್ತೆಯ ಎರಡೂ ಮಗ್ಗುಲು ಮೊದಲ ಮಳೆಗೇ ಬೆಳ್ಳಗಾದದ್ದು ಬೇರೆಲ್ಲಿಂದಲೋ ತಂದು ಸುರಿದ ಮಣ್ಣಿನಿಂದ. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್‌ನಲ್ಲಿ ಈ ಕಳೆಯ ಸೀಮೆಯಿಂದ ಹೊರಡುವ ವಾಹನ, ಕಟಾವು ಯಂತ್ರಗಳನ್ನು ತೊಳೆಯಲು ರಸ್ತೆಯಲ್ಲೇ ಏರ್ಪಾಡು ಮಾಡಿದ್ದಾರೆ. ನಮ್ಮಲ್ಲಿ ಜಿಲ್ಲೆಯಿಂದ ಜಿಲ್ಲೆಗೆ ಹೋಗುವ ಭತ್ತದ ಕಟಾವು ಯಂತ್ರವನ್ನು ಹೊರಡುವ ಮುನ್ನ ಒಮ್ಮೆ ಕೊಡವಿ ತೊಳೆಯುವ ರೂಢಿಯಾದರೂ ಬರಲಿ. ಶಾಲೆಗಳಲ್ಲಿ ಮಕ್ಕಳ ಕೈಯಿಂದ ಕೀಳಿಸುವುದನ್ನು ಬಿಟ್ಟು, ಹೂ ಬಿಡುವ ಮುಂಚಿನ ಗಿಡವನ್ನು ಗುರುತಿಸುವುದನ್ನು ಕಲಿಸಲಿ. ಮನೆಗೆ ಹೋಗಿ ಅಪ್ಪ ಅಮ್ಮನಿಗೆ ತೋರಿಸುವಷ್ಟು ಕಲಿತರೆ ಆ ಸಪ್ತಾಹಕ್ಕಿಂತ ಹೆಚ್ಚು ಕೆಲಸವಾದೀತು. ರಾಜ್ಯದ ಕೃಷಿ ವಿಶ್ವವಿದ್ಯಾಲಯಗಳು ತಂತಮ್ಮ ವಲಯದ ಮಳೆಗೆ ತಕ್ಕಂತೆ ಆ ವಾರವನ್ನು ಮೇ ಕೊನೆಗೋ ಜೂನ್ ಮೊದಲಿಗೋ ಹಿಂದೂಡಲು ಅಡ್ಡಿಯೇನಿದೆ ಎಂಬುದು ನನಗೆ ತಿಳಿಯದು.

ಈ ಪತ್ರವನ್ನು ಏಪ್ರಿಲ್ ಮೊದಲ ವಾರದಲ್ಲೇ ಅಂಚೆಗೆ ಹಾಕುತ್ತಿದ್ದೇನೆ. ನಮ್ಮ ಕಡೆ ಇನ್ನೂ ಮಳೆಯಾಗಿಲ್ಲ, ಮೋಡ ಮಾತ್ರ ಸಂಜೆ ಸಂಜೆ ಕಟ್ಟುತ್ತಿದೆ. ಸ್ಥಳಾವಕಾಶವಿಲ್ಲದೆ ಇದನ್ನು ಸಪ್ತಾಹದ ಹೊತ್ತಿಗೆ ಪ್ರಕಟಿಸೋಣವೆಂದು ತಾವು ತೆಗೆದಿಡುವುದಾದರೆ, ದಯವಿಟ್ಟು ಮುಂದಿನ ಏಪ್ರಿಲ್‌ವರೆಗೂ ಇಟ್ಟುಕೊಳ್ಳಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕ, ಶಿರಾ ತಾಲ್ಲೂಕು